ಸಾಸಿವೆಯ ನಿದ್ದೆಯ ಹೊತ್ತು

ಎರಡನೆಯ ಕಾಲಿಗೆ ಕಾಲುಚೀಲ ಏರಿಸುವಷ್ಟರಲ್ಲಿ ಮೊದಲನೆಯ ಕಾಲಿನದು ಮಾಯವಾಗಿತ್ತು. ಅತ್ತೆ ಮಂಚದ ಕೆಳಗೆ ಬಗ್ಗಿ ನೋಡಿದರು, ದಿಂಬು ಎತ್ತಿ ನೋಡಿದರು, ಕೊನೆಗೆ ಮೊಮ್ಮಗಳ ಮುಖ ನೋಡಿದರು. ಬಾಯಿಂದ ಕಾಲುಚೀಲದ ತುದಿ ಇಣುಕುತ್ತಿತ್ತು.

"ಕೊಡೇ ಕಳ್ಳಿ. ಅದು ಕಾಲಿಗೆ ಹಾಕೋದು, ಬಾಯಿಗಲ್ಲ."

ಮೊಮ್ಮಗಳು ಅದನ್ನು ಹಲ್ಲಿನಲ್ಲಿ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಂಡು ನಕ್ಕಳು. ಎರಡು ವರ್ಷ ತುಂಬುವುದಕ್ಕೆ ಇನ್ನೂ ಸ್ವಲ್ಪ ಬಾಕಿಯಿತ್ತು. ಕೂತಲ್ಲಿ ಕೂರದೆ ಸಿಡಿಯುತ್ತಿದ್ದುದರಿಂದ ಮನೆಯಲ್ಲಿ ಎಲ್ಲರೂ ಅವಳನ್ನು ಸಾಸಿವೆ ಎಂದೇ ಕರೆಯುತ್ತಿದ್ದರು.

ಬಾಗಿಲ ಬಳಿ ಸೊಸೆ ಚೀಲ ಹೆಗಲಿಗೇರಿಸಿ ಕಾಯುತ್ತಿದ್ದಳು. "ಅತ್ತೆ, ನೀವ್ಯಾಕೆ ಸುಮ್ನೆ ಅಲ್ಲೀವರೆಗೂ ಬರ್ತೀರಿ? ಒಂದು ಗಂಟೆ ಕೆಲಸ. ಹೋಗಿ ಬಂದುಬಿಡ್ತೀನಿ."

"ನಿನ್ನ ಒಂದು ಗಂಟೆ ನನಗೆ ಗೊತ್ತಿಲ್ವಾ? ಮೊನ್ನೆ ಇದೇ ಒಂದು ಗಂಟೆ ಕೆಲಸಕ್ಕೆ ಹೋದವಳು ಊಟದ ಹೊತ್ತು ದಾಟಿಸಿ ಬಂದೆ. ನಡಿ, ಸಾಸಿವೆಗೂ ಗಾಳಿ ಬೀಳುತ್ತೆ. ಆದರೆ ಇವಳ ಮಧ್ಯಾಹ್ನದ ನಿದ್ದೆ ಹೊತ್ತಿಗೆ ಮನೇಲಿರಬೇಕು, ಅಷ್ಟೇ."

ಅದು ಅತ್ತೆಯ ಮಾತು, ಅದಕ್ಕೆ ತಿದ್ದುಪಡಿ ಇಲ್ಲ. ಕೆಲಸದಲ್ಲಿದ್ದಷ್ಟು ವರ್ಷವೂ ಅವರು ಶಾಲೆಯಲ್ಲಿ ಪಾಠ ಹೇಳುವುದರ ಜೊತೆಗೆ ಇಡೀ ಶಾಲೆಯ ಟೈಂಟೇಬಲ್ ಹಾಕುತ್ತಿದ್ದವರು. ಯಾವ ತರಗತಿಗೆ ಯಾವ ಹೊತ್ತಿಗೆ ಯಾರು, ಲೆಕ್ಕದ ಮೇಷ್ಟ್ರು ಒಂದೇ ಸಲ ಎರಡು ಕೋಣೆಯಲ್ಲಿ ಇರದಂತೆ ಹೇಗೆ, ಎಲ್ಲ ಅವರ ತಲೆಯಲ್ಲಿ. ಒಮ್ಮೆ ಗೋಡೆಗೆ ಅಂಟಿಸಿದ ಮೇಲೆ ಆಕಾಶ ಕಳಚಿ ಬಿದ್ದರೂ ಮೂರನೆಯ ಪೀರಿಯಡ್ ಮೂರನೆಯ ಪೀರಿಯಡ್ಡೇ. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಒಂದೇ ತರಗತಿಯೆಂದರೆ ಸಾಸಿವೆ. ಸೊಸೆ ಒಂದು ಸೆಮಿಸ್ಟರ್ ಓದಲು ಹೊರದೇಶಕ್ಕೆ ಹೋದಾಗ ಕೂಸಿನ ದಿನವನ್ನೂ ಅತ್ತೆ ಹಾಗೆಯೇ ಕೂರಿಸಿದ್ದರು. ಊಟ ಇಷ್ಟಕ್ಕೆ, ಸ್ನಾನ ಇಷ್ಟಕ್ಕೆ, ಕತ್ತಲಾಗುತ್ತಲೇ ನಿದ್ದೆ. ಸ್ನಾನಕ್ಕೂ ನಿದ್ದೆಗೂ ನಡುವೆ ಒಂದಿಷ್ಟು ಹೊತ್ತು ಅಮ್ಮನಿಗೆ. ಅಷ್ಟೊತ್ತಿಗೆ ಫೋನಿನ ಪರದೆಯ ಮೇಲೆ ಸೊಸೆಯ ಮುಖ ತಪ್ಪದೆ ಬರುತ್ತಿತ್ತು. "ಬೇರೆ ಹೊತ್ತಲ್ಲಿ ಮಾಡಬೇಡಮ್ಮ, ಮಗು ಕದಡಿಬಿಡುತ್ತೆ" ಎಂದು ಹೊರಡುವ ಮೊದಲೇ ಹೇಳಿದ್ದರು. ಸೊಸೆ ಹೂಂ ಎಂದಿದ್ದಳು. ಒಂದು ದಿನವೂ ತಪ್ಪದೆ ಬರುತ್ತಿದ್ದ ಆ ಮುಖ ಕಂಡು, ತನ್ನ ಕೆಲಸದ ತಪಾಸಣೆಗೆ ಬರುತ್ತಾಳೆ ಎಂದು ಅತ್ತೆಗೆ ಒಳಗೊಳಗೇ ಸ್ವಲ್ಪ ಕಿರಿಕಿರಿಯೂ ಆಗಿತ್ತು.

ಈಗ ಸೊಸೆ ವಾಪಸ್ ಬಂದಿದ್ದಳು. ಆದರೆ ಅಲ್ಲಿ ಓದಿದ್ದು ಇನ್ನೂ ಬಂದಿರಲಿಲ್ಲ. ನೀರು ಶುದ್ಧೀಕರಣದ ಓದು ಅವಳದು. ಅಲ್ಲಿ ಗಳಿಸಿದ ಕ್ರೆಡಿಟ್‌ಗಳನ್ನು ಇಲ್ಲಿಯ ಯೂನಿವರ್ಸಿಟಿ ತನ್ನ ಲೆಕ್ಕಕ್ಕೆ ಸೇರಿಸಿಕೊಂಡರೆ ಪದವಿ. ಪದವಿ ಸಿಕ್ಕರೆ ನೀರು ಪರೀಕ್ಷಿಸುವ ಪ್ರಯೋಗಾಲಯವೊಂದು ಅವಳಿಗೆ ಕೆಲಸ ಕೊಡಲು ಒಪ್ಪಿತ್ತು. ಬರುವ ವರ್ಷದವರೆಗೆ ಜಾಗ ಹಿಡಿದಿಡುವುದಿಲ್ಲ ಎಂದೂ ಹೇಳಿತ್ತು.

ಯೂನಿವರ್ಸಿಟಿಯ ಉದ್ದನೆಯ ಹಜಾರದ ಕೊನೆಯಲ್ಲಿ ಆ ಕ್ರೆಡಿಟ್‌ಗಳ ಲೆಕ್ಕ ನೋಡುವ ವಿಭಾಗ. ಅಲ್ಲಿಯ ಮೇಡಂ ಎಡಗಡೆ ಹೊರದೇಶದ ಪಠ್ಯಕ್ರಮ, ಬಲಗಡೆ ಇಲ್ಲಿಯದು ಇಟ್ಟುಕೊಂಡು, ಎರಡರ ಮೇಲೂ ಅಡ್ಡಲಾಗಿ ಒಂದು ಅಡಿಕೋಲು ಸರಿಸುತ್ತಾ ಸಾಲಿಗೆ ಸಾಲು ತಾಳೆ ನೋಡುತ್ತಿದ್ದರು. ಅತ್ತೆಗೆ ಆ ಅಡಿಕೋಲು ಕಂಡೊಡನೆ ಮೇಡಂ ಬಗ್ಗೆ ಗೌರವ ಹುಟ್ಟಿತು. ಸಾಸಿವೆಯನ್ನು ತೊಡೆಯ ಮೇಲೆ ಅದುಮಿ ಹಿಡಿದು ಹಿಂದಿನ ಕುರ್ಚಿಯಲ್ಲಿ ಕೂತರು.

"ನೀರಿನ ರಸಾಯನಶಾಸ್ತ್ರ, ಸರಿಹೋಯ್ತು. ಸೋಸೋ ವಿಧಾನಗಳು, ಅದೂ ಸರಿ. ಪ್ರಯೋಗಾಲಯ, ನಮ್ಮದಕ್ಕಿಂತ ಜಾಸ್ತೀನೇ ಮಾಡಿಸಿದ್ದಾರೆ." ಅಡಿಕೋಲು ನಿಂತಿತು. "ಇದೇನಮ್ಮ, ನದಿಗಳ ಇತಿಹಾಸ?"

"ಅದು ಸ್ಟ್ಯಾಟಿಸ್ಟಿಕ್ಸ್ ಬದಲು ತಗೊಂಡಿದ್ದು ಮೇಡಂ."

"ನೀವು ಹೋಗೋ ಮುಂಚೆ ನಮ್ಮ ಹತ್ರ ಒಪ್ಪಿಗೆ ತಗೊಂಡಿದ್ದು ಸ್ಟ್ಯಾಟಿಸ್ಟಿಕ್ಸ್‌ಗೆ. ಅದು ಕಡ್ಡಾಯದ ವಿಷಯ. ಅಲ್ಲಿ ಹೋಗಿ ಬದಲಾಯಿಸಿದ ಮೇಲೆ ಒಂದು ಮಾತು ತಿಳಿಸಬಾರದಿತ್ತಾ?"

"ತಪ್ಪಾಯ್ತು ಮೇಡಂ. ಇದರಲ್ಲೂ ಪ್ರವಾಹದ ಲೆಕ್ಕ ಅದೂ ಇದೂ ಬರುತ್ತೆ. ಎಲ್ಲಾದರೂ ಹೊಂದಿಸೋಕೆ ಆಗುತ್ತೇನೋ ಅಂತ."

"ಹೊಂದಿಸಿ ಹೊಲಿಯೋಕೆ ನಾನು ದರ್ಜಿ ಅಲ್ಲಮ್ಮ." ಮೇಡಂ ನಕ್ಕರು. ಗದರುವ ನಗುವಲ್ಲ ಅದು. "ಚೆನ್ನಾಗೇ ಓದಿದ್ದೀರಿ, ಒಳ್ಳೇ ಅಂಕ ಬಂದಿದೆ. ಆದರೆ ನದಿ ಯಾವಾಗ ಉಕ್ಕಿತು ಅಂತ ಓದಿದ್ರೆ ಅದು ಸ್ಟ್ಯಾಟಿಸ್ಟಿಕ್ಸ್ ಆಗಲ್ಲ. ಯಾಕೆ ಬದಲಾಯಿಸಿದ್ರಿ?"

"ಸಮಯ ಹೊಂದಲಿಲ್ಲ ಮೇಡಂ."

"ಯಾವುದರ ಜೊತೆ? ಅವರ ಟೈಂಟೇಬಲ್ ಇಲ್ಲೇ ಇದೆ. ಬೆಳಗ್ಗೆ ಮೊದಲನೇ ಕ್ಲಾಸು. ಆ ಹೊತ್ತಲ್ಲಿ ನಿಮಗೆ ಬೇರೆ ಏನೂ ಇಲ್ವಲ್ಲ."

ಸೊಸೆ ಹಿಂದಕ್ಕೆ ತಿರುಗಲಿಲ್ಲ. ದನಿ ಮಾತ್ರ ತಗ್ಗಿಸಿದಳು. "ಬೇರೆ ಕೆಲಸ ಇತ್ತು ಮೇಡಂ."

ಟೈಂಟೇಬಲ್ ಎಂಬ ಮಾತು ಕಿವಿಗೆ ಬಿದ್ದರೆ ಅತ್ತೆಯ ತಲೆ ಹೇಳದೇ ಕೇಳದೇ ಕೆಲಸಕ್ಕೆ ಇಳಿಯುತ್ತಿತ್ತು. ಅಲ್ಲಿಯ ಬೆಳಗಿನ ಮೊದಲ ಕ್ಲಾಸು. ಅಲ್ಲಿ ಬೆಳಗಾದರೆ ಇಲ್ಲಿ ಸಂಜೆ. ಇಲ್ಲಿಯ ಆ ಸಂಜೆಯೆಂದರೆ ಸಾಸಿವೆಯ ಸ್ನಾನ ಮುಗಿದು, ತಲೆ ಒರೆಸಿ, ಹಾಸಿಗೆಯ ಮೇಲೆ ಕೂರಿಸಿ, ಫೋನನ್ನು ದಿಂಬಿಗೆ ಒರಗಿಸಿ ಇಡುವ ಹೊತ್ತು.

ತೊಡೆಯ ಮೇಲೆ ಸಾಸಿವೆ ಅವರ ಬಳೆ ತಿರುಗಿಸುತ್ತಿದ್ದಳು. ಅತ್ತೆ ಕೈಯನ್ನು ಹಾಗೆಯೇ ಬಿಟ್ಟರು. ಕೂಸಿನ ಹೊತ್ತನ್ನು ಸ್ವಲ್ಪ ಆಚೀಚೆ ಮಾಡಿ ಎಂದು ಆ ಹುಡುಗಿ ಒಂದು ಮಾತು ಕೇಳಬಹುದಿತ್ತು. ಕೇಳದೆ, ಕಡ್ಡಾಯದ ಪಾಠವನ್ನೇ ಬಿಟ್ಟಿದ್ದಳು. ತಪಾಸಣೆಯಂತೆ, ತಪಾಸಣೆ.

ಮೇಡಂ ಕಾಗದ ಮಡಿಸುತ್ತಾ ಹೇಳಿದರು: "ಉಳಿದಿದ್ದೆಲ್ಲ ಈ ವಾರವೇ ನಿಮ್ಮ ಲೆಕ್ಕಕ್ಕೆ ಸೇರಿಸ್ತೀನಿ. ಸ್ಟ್ಯಾಟಿಸ್ಟಿಕ್ಸ್ ಒಂದನ್ನ ಇಲ್ಲೇ ಮಾಡಿ. ಬರೋ ತಿಂಗಳು ಶುರುವಾಗುತ್ತೆ, ಸಂಜೆ ಕ್ಲಾಸು. ಶುರುವಾಗೋ ದಿನದವರೆಗೂ ಹೆಸರು ಕೊಡಬಹುದು."

ವಾಪಸ್ ಬರುವಾಗ ಬಸ್ಸಿನಲ್ಲಿ ಸೊಸೆ ಕಿಟಕಿಯ ಪಕ್ಕ ಕೂತಳು. ಸಾಸಿವೆ ಅಜ್ಜಿಯ ತೊಡೆಯಿಂದ ಅಮ್ಮನ ತೊಡೆಗೆ, ಅಲ್ಲಿಂದ ಇಲ್ಲಿಗೆ ಎಂದು ಎರಡು ಮೂರು ಸಲ ವರ್ಗಾವಣೆ ಪಡೆದು ಕೊನೆಗೆ ಅಮ್ಮನ ಬಳಿ ನಿಂತಳು.

"ಸಂಜೆ ಕ್ಲಾಸಿಗೆ ಹೆಸರು ಕೊಡ್ತೀಯಲ್ಲ?" ಅತ್ತೆ ಏನೂ ಗೊತ್ತಿಲ್ಲದವರ ಹಾಗೆ ಕೇಳಿದರು.

"ಇಲ್ಲ ಅತ್ತೆ. ಮುಂದಿನ ವರ್ಷ ನೋಡೋಣ."

"ಪ್ರಯೋಗಾಲಯದವರು?"

"ಇನ್ನೊಂದು ಕಡೆ ಸಿಗುತ್ತೆ, ಬಿಡಿ." ಕೂಸಿನ ಹಣೆಯ ಮೇಲಿನ ಕೂದಲು ಸರಿಸುತ್ತಾ ತಾನೇ ಮುಂದುವರಿಸಿದಳು. "ಕ್ಲಾಸು ಮುಗಿಸಿ ಬರೋ ಹೊತ್ತಿಗೆ ಇವಳು ಮಲಗಿರ್ತಾಳೆ. ಬಂದ ಹೊಸದರಲ್ಲಿ ನನ್ನ ಪಕ್ಕ ಮಲಗಿಸಿದ್ರೆ ಹೇಗೆ ಕಿರುಚ್ತಾ ಇದ್ಲು, ನೋಡಿದ್ರಲ್ಲ. ಈಗ ಈಗ ನನ್ನ ಕಿವಿ ಹಿಡ್ಕೊಂಡು ಮಲಗೋಕೆ ಶುರು ಮಾಡಿದ್ದಾಳೆ. ಅದನ್ನ ಮತ್ತೆ ಬಿಡೋಕೆ ನನ್ನಿಂದಾಗಲ್ಲ."

ಅತ್ತೆಗೆ ಗೊತ್ತಿತ್ತು. ಕಿವಿಯ ಹಾಲೆ ಹಿಡಿದರೇನೇ ಸಾಸಿವೆಗೆ ನಿದ್ದೆ. ಸೊಸೆ ದೂರವಿದ್ದಷ್ಟು ದಿನ ಆ ಕಿವಿ ಅತ್ತೆಯದಾಗಿತ್ತು. ಈಗ ರಾತ್ರಿಯದು ಸೊಸೆಗೆ, ಮಧ್ಯಾಹ್ನದ್ದು ಅತ್ತೆಗೆ. ಸೊಸೆ ತಡವಾಗಿ ಬಂದ ದಿನ ರಾತ್ರಿಯದೂ ಅತ್ತೆಗೇ ಬರುತ್ತಿತ್ತು. ಅಂಥ ದಿನ ಮನಸ್ಸಿನ ಯಾವುದೋ ಮೂಲೆಯಲ್ಲಿ ಒಂದಿಷ್ಟು ಖುಷಿಯಾಗುತ್ತಿದ್ದುದು ಸುಳ್ಳಲ್ಲ. ಸೊಸೆ ಸಂಜೆ ಕ್ಲಾಸಿಗೆ ಹೋದರೆ ಎಲ್ಲ ರಾತ್ರಿಯೂ ತನ್ನದೇ. ಆ ಯೋಚನೆ ಬಂದದ್ದಕ್ಕೆ ಅತ್ತೆ ತಮ್ಮಷ್ಟಕ್ಕೆ ತಾವೇ ತುಟಿ ಕಚ್ಚಿಕೊಂಡರು.

"ಇವಳನ್ನ ಸ್ವಲ್ಪ ತಡವಾಗಿ ಮಲಗಿಸಿದ್ರೆ ಆಗಲ್ವಾ ಅಂತ ನಿನಗೆ ಅನ್ನಿಸಲಿಲ್ವಾ?"

"ಅಯ್ಯೋ ಬೇಡಿ ಅತ್ತೆ. ನೀವು ಅಷ್ಟು ಕಷ್ಟಪಟ್ಟು ಕೂರಿಸಿದ ಅಭ್ಯಾಸ. ನಮ್ಮ ಮನೇಲಿ ಸೂರ್ಯ ಬೇಕಾದ್ರೆ ತಡ ಮಾಡಬಹುದು, ಸಾಸಿವೆ ನಿದ್ದೆ ತಡ ಆಗಬಾರದು ಅಂತ ನಿಮ್ಮ ಮಗನೇ ಹೇಳ್ತಾರೆ."

"ಹೇಳ್ತಾನೆ, ಹೇಳ್ತಾನೆ. ಕನ್ನಡಕದ ಅಂಗಡಿ ಬಾಗಿಲು ಹಾಕಿ ಅವನು ಬರೋ ಹೊತ್ತಿಗೆ ಕಾಗೆಗಳೂ ಮಲಗಿರ್ತವೆ. ಅವನಿಗೇನು ಗೊತ್ತು?"

ಸೊಸೆ ನಕ್ಕಳು. ನಗು ಕಣ್ಣಿನವರೆಗೆ ಹೋಗಲಿಲ್ಲ. ಅತ್ತೆ ಮುಂದೆ ಒತ್ತಾಯ ಮಾಡಲಿಲ್ಲ. ನಾನು ಹೊತ್ತು ಬದಲಾಯಿಸುತ್ತೇನೆ, ನೀನು ಹೋಗು ಎಂದರೆ ಈ ಹುಡುಗಿ ಒಪ್ಪುವುದಿಲ್ಲ. ಒಪ್ಪಿದರೂ ಅದನ್ನು ಉಪಕಾರದ ಹಾಗೆ ತಲೆಯ ಮೇಲೆ ಹೊತ್ತು ಮನೆಯೊಳಗೆ ಓಡಾಡುತ್ತಾಳೆ.

ಮನೆ ಮುಟ್ಟಿದಾಗ ಸರಿಯಾಗಿ ಸಾಸಿವೆಯ ಮಧ್ಯಾಹ್ನದ ನಿದ್ದೆಯ ಹೊತ್ತು. ಊಟ ಮಾಡಿಸುವಾಗಲೇ ಅವಳ ಕಣ್ಣೆವೆ ಜೋತು ಬೀಳುತ್ತಿತ್ತು. ಸೊಸೆ ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ಅತ್ತೆ ಕೂಸನ್ನು ಎತ್ತಿಕೊಂಡು ತಮ್ಮ ಕೋಣೆಗೆ ಬಂದು, ಎಂದಿನಂತೆ ದಪ್ಪ ಬಟ್ಟೆಯ ಪರದೆ ಎಳೆಯಲು ಕೈ ಚಾಚಿದರು.

ಚಾಚಿದ ಕೈ ಅಲ್ಲೇ ನಿಂತಿತು.

ಟೈಂಟೇಬಲ್ಲಿನ ಕೊನೆಯ ಪೀರಿಯಡ್ ಮುಂದಕ್ಕೆ ಹೋಗಬೇಕಾದರೆ ಅದನ್ನೇ ಹಿಡಿದು ಎಳೆಯಬಾರದು, ನಡುವಿನದನ್ನು ಸಡಿಲ ಮಾಡಬೇಕು. ಅದು ಅವರ ಹಳೆಯ ಪಾಠ. ಮಧ್ಯಾಹ್ನದ ನಿದ್ದೆ ದಿನಕ್ಕಿಷ್ಟು ಸರಿದರೆ ರಾತ್ರಿಯದು ತಾನಾಗಿಯೇ ಸರಿಯುತ್ತದೆ. ಮುಂದಿನ ತಿಂಗಳ ಹೊತ್ತಿಗೆ ಸಾಸಿವೆ ಕತ್ತಲಾದ ಎಷ್ಟೋ ಹೊತ್ತಿನ ಮೇಲೂ ಹಾಸಿಗೆಯ ಮೇಲೆ ಸಿಡಿಯುತ್ತಿರುತ್ತಾಳೆ. ಇದೇನು ಅತ್ತೆ, ಇತ್ತೀಚೆಗೆ ಇವಳು ಮಲಗೋದೇ ಇಲ್ವಲ್ಲ ಎಂದು ಸೊಸೆಯೇ ಕೇಳುತ್ತಾಳೆ. ಬೆಳೆಯೋ ಮಕ್ಕಳು ಹಾಗೇ ಕಣೇ ಎಂದರೆ ಸಾಕು. ಸಂಜೆ ಕ್ಲಾಸಿನ ಉಳಿದ ಲೆಕ್ಕ ಅವಳೇ ಹಾಕಿಕೊಳ್ಳುತ್ತಾಳೆ, ಓದಿದ ಹುಡುಗಿ.

ಅತ್ತೆ ಪರದೆಯನ್ನು ಪೂರ್ತಿ ಸರಿಸಿದರು. ಕೋಣೆಯ ತುಂಬ ಬಿಸಿಲು ಬಿತ್ತು. ಸಾಸಿವೆ ಅವರ ಕಿವಿಗಾಗಿ ಕೈ ಚಾಚಿದಳು. ಅತ್ತೆ ಆ ಪುಟ್ಟ ಕೈಯನ್ನು ಒಂದು ಕ್ಷಣ ಕೆನ್ನೆಗೆ ಒತ್ತಿಕೊಂಡು, ಅವಳನ್ನು ನೆಲಕ್ಕಿಳಿಸಿ, ಮುಂದೆ ಡಬ್ಬಿಯ ಮುಚ್ಚಳಗಳನ್ನೆಲ್ಲ ಸುರಿದರು.

ಸದ್ದಿಗೆ ಒಳಗಿನಿಂದ ಸೊಸೆಯ ದನಿ ಬಂತು. "ಅತ್ತೆ, ಇವಳು ಇನ್ನೂ ಮಲಗಿಲ್ವಾ?"

"ಇಲ್ಲ ಕಣೇ," ಅತ್ತೆ ಒಂದು ಮುಚ್ಚಳ ತಿರುಗಿಸಿ ಬಿಟ್ಟರು. "ಯಾಕೋ ಇವತ್ತು ನಿದ್ದೇನೇ ಇಲ್ಲ ಇವಳಿಗೆ."