ಈ ಸಲ ಚೀಲ ಯಾರು ಕಾಯಬೇಕು

ಸಮುದ್ರಕ್ಕೆ ಹೋಗುವುದೆಂದು ತೀರ್ಮಾನವಾದದ್ದು ಭಾನುವಾರ ಊಟವಾದ ಮೇಲೆ. ಅಲ್ಲಿ ಚೀಲ ಕಾಯುವವರು ಯಾರು ಎಂಬುದು ಮಾತ್ರ ಎಷ್ಟೋ ವರ್ಷಗಳ ಹಿಂದೆಯೇ ತೀರ್ಮಾನವಾಗಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಕಾಯುವವಳು ಅತ್ತೆ. ಅಣ್ಣನ ಮಗಳು ಕರೆದದ್ದೇ ಹೆಸರಾಗಿ ಈಗ ಇಡೀ ಬೀದಿಗೆ ಅವಳು ಅತ್ತೆ. ಅವಳು ಕೆಲಸ ಮಾಡುವ ಡ್ರೈಕ್ಲೀನಿಂಗ್ ಅಂಗಡಿಯ ಮಾಲೀಕ ಕೂಡ ಹಾಗೇ ಕರೆಯುತ್ತಾನೆ. ಬೆಳಗ್ಗಿನಿಂದ ಸಂಜೆವರೆಗೆ ಹಬೆ ಉಗುಳುವ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತು ಊರಿನವರ ಕೋಟುಗಳ ಸುಕ್ಕು ಬಿಡಿಸುತ್ತಾಳೆ, ರಾತ್ರಿ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಮಲಗುತ್ತಾಳೆ. ಮದುವೆಯಾಗದೆ ಉಳಿದ ಹೆಂಗಸಿಗೆ ಮನೆಯಲ್ಲಿ ಯಾರೂ ಕೆಲಸ ಒಪ್ಪಿಸುವುದಿಲ್ಲ. ಕೆಲಸಗಳೇ ಬಂದು ಅವಳ ಮಡಿಲಲ್ಲಿ ಕೂರುತ್ತವೆ.

ಯಾವ ಸಮುದ್ರಕ್ಕೆ ಹೋದರೂ ಇದೇ ಕಥೆ. ಎಲ್ಲರ ಚಪ್ಪಲಿ, ಕೈಗಡಿಯಾರ, ಒಣಬಟ್ಟೆ, ಅಣ್ಣನ ಕನ್ನಡಕ ಅವಳ ಸುತ್ತ ಗುಡ್ಡೆ ಬೀಳುತ್ತಿದ್ದವು. ಒದ್ದೆಯಾಗಿ ನಗುತ್ತ ವಾಪಸು ಬಂದವರು ಟವೆಲ್ಲಿಗೆ ಕೈ ಚಾಚಿ, "ನೀನೂ ಬರಬೇಕಿತ್ತು, ಎಷ್ಟು ಚೆನ್ನಾಗಿತ್ತು ಗೊತ್ತಾ!" ಅನ್ನುತ್ತಿದ್ದರು. ಬರಬೇಕಿತ್ತಂತೆ! ಕರೆಯುವ ಮನಸ್ಸಿದ್ದವರು ನೀರಿಗಿಳಿಯುವ ಮುಂಚೆ ಕರೆಯುತ್ತಾರೆ, ಮೈ ಒರೆಸಿಕೊಳ್ಳುತ್ತ ಅಲ್ಲ.

ಈ ಸಲದ ಕಡಲು ಬೇರೆ ಥರದ್ದು. ಅಣ್ಣನ ಮಗಳು ಮೊಬೈಲಿನಲ್ಲಿ ತೋರಿಸಿದಳು: ರಸ್ತೆ ಮುಗಿದ ಮೇಲೆ ಮರಳಿನ ದಿಬ್ಬ ಹತ್ತಿ ಇಳಿಯಬೇಕು. ಅಂಗಡಿಯಿಲ್ಲ, ನೆರಳಿಲ್ಲ, ಬಟ್ಟೆ ಬದಲಿಸಲು ಕೋಣೆಯಿಲ್ಲ. ಒಂದು ತುದಿಯಲ್ಲಿ ತಗಡಿನ ಶೆಡ್ಡು, ಅದರ ಗೋಡೆಗೆ ಒರಗಿಸಿಟ್ಟ ಉದ್ದುದ್ದ ಹಲಗೆಗಳು. ಆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವುದಕ್ಕೇ ಜನ ಅಷ್ಟು ದೂರ ಹೋಗುವುದು. ವಿಡಿಯೊದಲ್ಲಿ ಒಬ್ಬ ಹೆಂಗಸು ಧೊಪ್ಪನೆ ಬಿದ್ದಳು, ಕೂದಲೆಲ್ಲ ಮುಖಕ್ಕೆ ಅಂಟಿಸಿಕೊಂಡು ಎದ್ದಳು, ಬಾಯ್ತುಂಬ ನಕ್ಕಳು. ಅತ್ತೆ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು. ಆ ಹೆಂಗಸಿನ ಮೇಲೆ ಅವಳಿಗೆ ವಿಪರೀತ ಹೊಟ್ಟೆಕಿಚ್ಚಾಯಿತು.

ಅಣ್ಣ ಯಾರಿಗೆ ಯಾವ ಕೆಲಸ ಎಂದು ಹಂಚತೊಡಗಿದ್ದ. ಅವನದು ಕಾರು ಕಲಿಸುವ ಶಾಲೆ. ಪಕ್ಕದ ಸೀಟಿನಲ್ಲಿ ಕೂತು, ಕಲಿಯುವವರು ಗಾಬರಿಪಡಿಸಿದಾಗಲೆಲ್ಲ ತನ್ನ ಕಾಲಡಿಯ ಬ್ರೇಕು ಒತ್ತಿ ಒತ್ತಿ, ಈಗ ಮನೆಯಲ್ಲಿ ಯಾರಾದರೂ ಹೊಸ ಮಾತು ತೆಗೆದರೂ ಅವನ ಕಾಲು ನೆಲ ಒತ್ತುತ್ತದೆ.

"ನೆರಳಿಗೆ ದೊಡ್ಡ ಕೊಡೆ ನಾನು ನೆಡ್ತೀನಿ, ನೀರಿನ ಕ್ಯಾನ್ ಇವಳು ನೋಡ್ಕೊಳ್ಲಿ," ಎಂದು ಹೆಂಡತಿಯ ಕಡೆ ತೋರಿಸಿದ. "ಚೀಲದ ಹತ್ರ ಹೇಗೂ ನೀನಿರ್ತೀಯಲ್ಲ."

"ಇರಲ್ಲ," ಅಂದಳು ಅತ್ತೆ. "ನಾನೂ ಹಲಗೆ ಹತ್ತೋಳೇ."

ಅಣ್ಣನ ಕಾಲು ನೆಲ ಒತ್ತಿತು. "ಅರವತ್ತಕ್ಕೆ ಅರಳು ಮರಳು ಅಂತಾರೆ, ಸುಳ್ಳಲ್ಲ ನೋಡು."

"ಅರವತ್ತಕ್ಕೆ ಇನ್ನೂ ಆರು ವರ್ಷ ಇದೆ. ಅದಕ್ಕೇ ಈಗಲೇ ಹತ್ತೋದು."

"ಈಜೇ ಬರಲ್ವಲ್ಲೇ ನಿನಗೆ!"

"ನಿನ್ನ ಹತ್ರ ಬರೋರಿಗೆ ಕಾರು ಓಡಿಸೋಕೆ ಬರತ್ತಾ? ಬರದೇ ಇರೋರಿಗೆ ತಾನೇ ಕಲಿಸೋದು?"

"ಕಾರಿಗೆ ನನ್ನ ಕಾಲಡಿ ಇನ್ನೊಂದು ಬ್ರೇಕ್ ಇರತ್ತೆ. ಅಲೆಗೆ ಯಾವ ಬ್ರೇಕ್ ಇದೆ? ಆಯ್ತು, ಚೀಲ ಯಾರು ಕಾಯ್ತಾರೆ ಹೇಳು ಹಾಗಾದ್ರೆ."

ಮಗಳು ಮೊಬೈಲಿನೊಳಗೆ ಮುಖ ಹುದುಗಿಸಿದಳು. ಅತ್ತಿಗೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಣ್ಣನಿಗೆ ಬೇಕಾಗಿದ್ದದ್ದೂ ಅದೇ. "ಹಾಗಾದ್ರೆ ಹೋಗೋದೇ ಬೇಡ ಬಿಡಿ," ಅಂದ.

ಹಳೇ ಪಟ್ಟು ಅದು. ಎಲ್ಲರ ಆಟ ಕೆಡಿಸಿದ ಪಾಪ ಈಗ ಅತ್ತೆಯ ತಲೆಗೆ. ಮಗಳ ಕಣ್ಣು ತುಂಬಿತು. "ಅತ್ತೆ, ಇದೊಂದ್ಸಲ ಕೂತ್ಕೊಳೇ. ಪ್ಲೀಸ್. ಮುಂದಿನ ಸಲ ನೀನೇ ಹೋಗುವಿಯಂತೆ."

ಎತ್ತಿ ಆಡಿಸಿದ ಮಗು ಹೀಗೆ ಕೇಳಿದಾಗ ಆಯ್ತು ಅನ್ನುವ ಮಾತು ಅತ್ತೆಯ ನಾಲಿಗೆ ತುದಿಗೆ ಬಂದಿತ್ತು. ಆದರೆ ಇವತ್ತು ಅದನ್ನು ಆಡಿಬಿಟ್ಟರೆ ಸಾಯುವವರೆಗೂ ಚಪ್ಪಲಿ ಕಾಯುತ್ತಲೇ ಇರಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಕೈಯಿಂದಲೇ ಮೊಬೈಲು ತೆಗೆದುಕೊಂಡು, ವಿಡಿಯೊದ ಕೆಳಗಿದ್ದ ನಂಬರಿಗೆ ಫೋನು ಹಚ್ಚಿದಳು. ಬೆರಳು ಎಲ್ಲಿ ತಾಗಿತೋ, ಸ್ಪೀಕರು ಆನ್ ಆಯಿತು.

"ಎಷ್ಟು ಜನ ಬರ್ತೀರಿ?" ಹಲಗೆ ಸವಾರಿ ಕಲಿಸುವವನ ದನಿ ಗಾಳಿಯ ಗದ್ದಲದ ನಡುವೆ ಕೇಳಿಸಿತು.

"ಒಬ್ಬಳೇ. ಐವತ್ತನಾಲ್ಕು ವಯಸ್ಸು. ಈಜು ಬರಲ್ಲ."

"ತೊಂದ್ರೆ ಇಲ್ಲ. ಲೈಫ್ ಜಾಕೆಟ್ ಹಾಕಿ ಸೊಂಟದ ಮಟ್ಟದ ನೀರಲ್ಲೇ ಶುರು ಮಾಡ್ತೀವಿ. ಮೊಣಕಾಲು ಹೇಗಿದೆ?"

"ದಿನವಿಡೀ ನಿಂತೇ ಇಸ್ತ್ರಿ ಹಾಕ್ತೀನಪ್ಪ. ನನ್ನ ಮೊಣಕಾಲಿನ ಚಿಂತೆ ಬಿಡು."

ಅಣ್ಣ ಅಡುಗೆಮನೆಯ ಕಡೆ ತಿರುಗಿ ಕೂಗಿದ, "ಒಬ್ಬಳೇ ಹೊರಟಿದಾಳಂತೆ! ನೀನಾದ್ರೂ ಬುದ್ಧಿ ಹೇಳೇ ಇವಳಿಗೆ."

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. "ಚೀಲ ನಾನು ಕಾಯ್ತೀನ್ರೀ."

"ನೀನಾ? ನಿನಗೆ ನೀರಂದ್ರೆ ಪ್ರಾಣ ಅಲ್ವಾ!"

"ಯಾರು ಹೇಳಿದ್ದು? ಮದುವೆಯಾದ ಹೊಸದರಲ್ಲಿ ಕೈ ಹಿಡಿದು ಎಳ್ಕೊಂಡು ಹೋದ್ರಿ. ಹೆದರಿ ಕಿರುಚಿದೆ. ಖುಷಿಗೆ ಕಿರುಚ್ತಿದಾಳೆ ಅಂದ್ಕೊಂಡ್ರಿ. ಆವತ್ತಿಂದ ಮೂಗಿನ ತುಂಬ ಉಪ್ಪುನೀರು ತುಂಬಿಸ್ಕೊಂಡು ಬರ್ತಿದೀನಿ. ಇವಳ ಥರ ಕಾಲು ಚಾಚಿ ಮರಳಲ್ಲಿ ಕೂತ್ಕೋಬೇಕು ಅಂತ ಎಷ್ಟು ಆಸೆ ಇತ್ತು ನನಗೆ!"

ಅತ್ತೆ ಬಾಯಿ ತೆರೆದು ನೋಡಿದಳು. ಯಾರ ಒದ್ದೆ ಕೂದಲು ಕಂಡು ಇಷ್ಟು ವರ್ಷ ಹೊಟ್ಟೆ ಉರಿದುಕೊಂಡಿದ್ದಳೋ ಆ ಅತ್ತಿಗೆಗೇ ಬೇಕಾಗಿದ್ದದ್ದು ತನ್ನ ಜಾಗ! ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಒಂದೇ ಒಂದು ಸಲ ಕೇಳಿದ್ದರೆ ಮುಗಿಯುತ್ತಿತ್ತು. ಕೇಳುವ ಅಭ್ಯಾಸವೇ ಈ ಮನೆಯಲ್ಲಿ ಇರಲಿಲ್ಲ.

ಅಣ್ಣ ಹೆಂಡತಿಯನ್ನು ನೋಡಿದ, ತಂಗಿಯನ್ನು ನೋಡಿದ. ಅವನ ದನಿ ತಗ್ಗಿತು. ಈಗ ಅದರಲ್ಲಿ ಜೋರು ಇರಲಿಲ್ಲ, ಬರೀ ಹೆದರಿಕೆ ಇತ್ತು. "ಅಲ್ವೇ, ಅಲೆ ಎಷ್ಟು ದೊಡ್ಡದು ನೋಡಿದ್ಯಲ್ಲ. ನಿನಗೆ ಏನಾದ್ರೂ ಆದ್ರೆ?"

"ಆಗ್ಲಿ ಅಣ್ಣ," ಅಂದಳು ಅತ್ತೆ. "ಇಷ್ಟು ವರ್ಷ ಆಯ್ತು, ನನಗೆ ಏನೂ ಆಗೇ ಇಲ್ಲ. ಆಗಿದ್ದೆಲ್ಲ ನಿಮಗೇ. ನಾನು ಟವೆಲ್ ಹಿಡ್ಕೊಂಡು ಕೂತಿದ್ದೆ. ನನಗೂ ಏನಾದ್ರೂ ಆಗ್ಲಿ."

ಅಣ್ಣ ತಲೆ ತಗ್ಗಿಸಿದ. ಮಗಳು ಬಂದು ಅತ್ತೆಯ ಭುಜಕ್ಕೆ ಆತು ನಿಂತಳು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡಿದ್ದವನು ಮೆಲ್ಲಗೆ ಕೆಮ್ಮಿದ.

"ಮೇಡಂ, ಬೆಳಗ್ಗಿನ ಬ್ಯಾಚಿಗೆ ಬರ್ಕೊಳ್ಲಾ, ಸಂಜೆದಕ್ಕಾ?"

"ಎರಡಕ್ಕೂ ಬರ್ಕೊ," ಅಂದಳು ಅತ್ತೆ.