ನಲವತ್ತೊಂದನೇ ತಪ್ಪು

"ಇನ್ನೊಂದು ಹೆಗಲು ಬೇಕು, ಯಾರಾದ್ರೂ ಬನ್ನಿ!" ಎಂದು ಮೆಟ್ಟಿಲ ತಿರುವಿನಿಂದ ಕೂಗು ಬಂದದ್ದೇ ತಡ, ನೀರುಮಾವ ಬಗ್ಗಿ ಬೂಟಿನ ದಾರಕ್ಕೆ ಕೈಹಾಕಿದ. ಬಿಗಿಯಾಗಿಯೇ ಇದ್ದ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನಿಗೆ ಹೆಗಲು ಎಂಬ ಮಾತೇ ಸಾಕಾಯಿತು. ಶವಪೆಟ್ಟಿಗೆಯನ್ನು ನಾಲ್ಕನೇ ಮಹಡಿಯಿಂದ ಇಳಿಸಬೇಕಿತ್ತು, ಲಿಫ್ಟಿನಲ್ಲಿ ಹಿಡಿಸುತ್ತಿರಲಿಲ್ಲ. ಕೊನೆಗೆ ಬಸ್ ಡ್ರೈವರೊಬ್ಬ ಮುಂದೆ ಬಂದು ಹೆಗಲು ಕೊಟ್ಟ.

ಪೆಟ್ಟಿಗೆಯಲ್ಲಿದ್ದವಳು ನಕ್ಷೆಯಕ್ಕ. ಸರ್ಕಾರಿ ಕಪಾಟುಗಳಲ್ಲಿ ಕೊಳೆಯುತ್ತಿದ್ದ ಅಂಕಿಅಂಶಗಳನ್ನು ಕಾಡಿ ಬೇಡಿ ಹೊರಗೆಳೆದು, ಯಾರು ಬೇಕಾದರೂ ಮೊಬೈಲಿನಲ್ಲಿ ನೋಡುವಂಥ ನಕ್ಷೆ ಮಾಡುವುದೇ ಮೂವತ್ತು ವರ್ಷ ಅವಳ ಕೆಲಸ. ಬಸ್ಸು ಎಲ್ಲಿದೆ, ಯಾವ ದವಾಖಾನೆಯಲ್ಲಿ ಔಷಧಿ ಇದೆ, ಯಾವ ಬೀದಿಯ ನಲ್ಲಿ ನೀರು ಕುಡಿಯಬಹುದು, ಎಲ್ಲವೂ. ಇವನು ನೀರು ಪರೀಕ್ಷೆಯ ಕಚೇರಿಯಲ್ಲಿದ್ದವನು. ಅವಳ ಮಗಳು ಚಿಕ್ಕಂದಿನಲ್ಲಿ ಇಟ್ಟ ಹೆಸರೇ ನೀರುಮಾವ.

ಮಣ್ಣು ಮಾಡಿ ಎಲ್ಲರೂ ಮನೆಗೆ ಮರಳಿದಾಗ ಮೇಜಿನ ಮೇಲೆ ದಪ್ಪ ಪುಸ್ತಕವೊಂದಿತ್ತು.

"ಹೂ ಬೇಡ, ಹೊಗಳಿಕೆ ಬೇಡ ಅಂದಿದ್ಲು ಅಮ್ಮ," ಎಂದಳು ಮಗಳು. "ನನ್ನ ತಪ್ಪುಗಳ ಪಟ್ಟಿ ಇಡು, ಬಂದೋರು ತಿದ್ದಲಿ ಅಂದ್ಲು."

"ಸತ್ತ ಮೇಲೂ ಕೆಲಸ ಹಚ್ಚಿದ್ಲಲ್ಲ ಮಹಾತಾಯಿ!" ಎಂದು ಡ್ರೈವರ್ ಕಣ್ಣೊರೆಸಿಕೊಂಡ. "ನಮ್ಮ ಡಿಪೋ ಹತ್ರದ ಸ್ಟಾಪು ನಕ್ಷೆಯಲ್ಲಿ ರಸ್ತೆಯ ಆ ಕಡೆ ಇದೆ. ಆರು ವರ್ಷದಿಂದ ಹೇಳೋಣ ಅಂದ್ಕೊಂಡೇ ಇದ್ದೆ."

"ಬರೀರಿ. ಹಳೇದನ್ನ ಅಳಿಸ್ಬೇಡಿ, ಮೇಲೊಂದು ಗೆರೆ ಎಳೀರಿ ಸಾಕು. ಏನು ತಪ್ಪಾಗಿತ್ತು ಅನ್ನೋದೂ ಕಾಣ್ಬೇಕು. ಕೆಳಗೆ ಹೆಸರು ಹಾಕಿ," ಎಂದಳು ಮಗಳು.

ಜನ ಸಾಲಾಗಿ ನಿಂತರು. ತನ್ನ ಸರದಿ ಬಂದಾಗ ನೀರುಮಾವ ಹುಡುಕಬೇಕಾಗಲಿಲ್ಲ. ಯಾವ ವರ್ಷದ ಪುಟ ತೆರೆಯಬೇಕೆಂದು ಅವನಿಗೆ ಗೊತ್ತಿತ್ತು.

*

ಒಂಬತ್ತು ವರ್ಷದ ಹಿಂದೆ ಪರೀಕ್ಷೆಯ ಯಂತ್ರ ಐದು ವಾರ ಕೆಟ್ಟು ಕೂತಿತ್ತು. ನಕ್ಷೆಯಕ್ಕನಿಗೆ ಕಳಿಸುವ ಪಟ್ಟಿಯಲ್ಲಿ ಆ ವಾರಗಳ ಚೌಕಗಳನ್ನು ಖಾಲಿ ಬಿಟ್ಟಿದ್ದರೆ ಆಗುತ್ತಿತ್ತು. "ಖಾಲಿ ಇದ್ರೆ ಖಾಲಿ ಅಂತಲೇ ಕೊಡು, ಅದೂ ಒಂದು ಮಾಹಿತಿ," ಎಂದು ಅವಳು ನೂರು ಸಲ ಹೇಳಿದ್ದಳು. ಆದರೆ ಖಾಲಿ ಚೌಕ ಕಂಡರೆ ಮೇಲಿನವರು ಬೈಯುತ್ತಾರೆ. ಇವನು ಹಿಂದಿನ ವಾರದ ಅಂಕಿಗಳನ್ನೇ ಒಂಚೂರು ಹೆಚ್ಚುಕಡಿಮೆ ಮಾಡಿ ತುಂಬಿದ. ನಕ್ಷೆಯಲ್ಲಿ ಗುಡ್ಡದ ಬೀದಿಯ ನಲ್ಲಿ ನೀಲಿಯಾಗಿಯೇ ಉಳಿಯಿತು, ಅಂದರೆ ಕುಡಿಯಬಹುದು. ಹದಿನೇಳು ಜನ ಆಸ್ಪತ್ರೆ ಸೇರಿದರು.

ಅವಳು ಕಚೇರಿಗೆ ಬಂದು ಒಂದೇ ಪ್ರಶ್ನೆ ಕೇಳಿದಳು.

"ಯಂತ್ರ ಕೆಟ್ಟಿತ್ತಾ?"

"ಇಲ್ಲ ಅಕ್ಕ."

ಅವನು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದ. ಅವಳು ಎದ್ದು ಹೋದಳು. ಮುಂದಿನ ವಾರ ಊರೆಲ್ಲ ಅವಳಿಗೆ ಛೀಮಾರಿ ಹಾಕಿತು, ಕೈಯಲ್ಲಿದ್ದ ಕೆಲಸಗಳು ಒಂದೊಂದಾಗಿ ಹೋದವು. ಇವನಿಗೆ ಬಡ್ತಿ ಸಿಕ್ಕಿತು. ಅವಳು ಆಮೇಲೂ ಇವನನ್ನು ಊಟಕ್ಕೆ ಕರೆಯುತ್ತಿದ್ದಳು. ಅದನ್ನು ತಡೆದುಕೊಳ್ಳುವುದೇ ಕಷ್ಟವಾಗಿತ್ತು.

*

ನಲವತ್ತೊಂದನೇ ಸಾಲು. 'ಗುಡ್ಡದ ಬೀದಿಯ ನಲ್ಲಿ. ಐದು ವಾರ ತಪ್ಪು ಬಣ್ಣ. ಪರಿಶೀಲಿಸದೆ ಪ್ರಕಟಿಸಿದ್ದು ನಾನು.' ಪಕ್ಕದಲ್ಲಿ 'ಕಾರಣ' ಎಂಬ ಚೌಕ. ಇಡೀ ಪುಸ್ತಕದಲ್ಲಿ ಅದೊಂದೇ ಖಾಲಿ.

"ಅದನ್ನ ಯಾಕೆ ಬಿಟ್ಟಿದ್ದೀಯಮ್ಮ ಅಂತ ಕೇಳಿದ್ದೆ ಮಾವ," ಎಂದಳು ಮಗಳು ಅವನ ಬೆರಳನ್ನೇ ನೋಡುತ್ತ. "ಗೊತ್ತಿರೋರು ಬರೀತಾರೆ, ನೀನು ತುಂಬಬೇಡ ಅಂದ್ಲು."

ಅಕ್ಕನಿಗೆ ಗೊತ್ತಿತ್ತು. ಅಷ್ಟು ವರ್ಷದ ಅಷ್ಟೂ ಊಟಗಳಲ್ಲಿ ಗೊತ್ತಿತ್ತು.

"ಬೇಗ ಬರೀರಿ ಯಜಮಾನ್ರೇ," ಎಂದಳು ಹಿಂದೆ ನಿಂತಿದ್ದ ದರ್ಜಿ ಹೆಂಗಸು. "ಗುಡ್ಡದ ಬೀದಿವರೆಗೆ ನಡೀಬೇಕು ನಾನು. ನನ್ನ ಮಗು ಹದಿನೆಂಟು ದಿನ ಆಸ್ಪತ್ರೇಲಿತ್ತು. ಇದೇ ಬಾಗಿಲಿಗೆ ಬಂದು ಇವ್ಳ ಮುಖಕ್ಕೆ ಉಗಿದು ಹೋಗಿದ್ದೆ. ಒಂದು ಮಾತೂ ತಿರುಗಿ ಆಡ್ಲಿಲ್ಲ ಪುಣ್ಯಾತ್ಗಿತ್ತಿ."

ನೀರುಮಾವ ಬರೆದ: 'ಯಂತ್ರದ ದೋಷ ಇದ್ದಿರಬಹುದು.' ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗಿತ್ತು. ಅದರ ಮೇಲೊಂದು ಗೆರೆ ಎಳೆದ. ಕೆಳಗೆ ಮತ್ತೆ ಬರೆದ: 'ಯಂತ್ರ ಕೆಟ್ಟಿತ್ತು. ಅಂಕಿಗಳನ್ನು ನಾನೇ ಹುಟ್ಟಿಸಿದೆ. ಅಕ್ಕ ಕೇಳಿದಾಗ ಸುಳ್ಳು ಹೇಳಿದೆ.' ಪೂರ್ತಿ ಹೆಸರು ಬರೆದು, ತಾರೀಕು ಹಾಕಿ, ಹಿಂದಿದ್ದವಳಿಗೆ ಪೆನ್ನು ಚಾಚಿದ.

ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದಿದಳು. ಕೊನೆಗೆ ಬಂದ ಬೆರಳು ಮತ್ತೆ ಮೊದಲಿಗೆ ಹೋಯಿತು.

ನೀರುಮಾವನ ಬೂಟಿನ ದಾರ ಈಗ ನಿಜವಾಗಿಯೂ ಬಿಚ್ಚಿ ನೆಲದ ಮೇಲೆ ಬಿದ್ದಿತ್ತು. ಅವನು ಬಗ್ಗಲಿಲ್ಲ. ಅವಳು ಓದಿ ಮುಗಿಸಿ ತಲೆಯೆತ್ತುವುದನ್ನು ಕಾಯುತ್ತ ನಿಂತ.