ಅಳತೆಯಕ್ಕನ ಕರಗದ ಮೈ

1

ಈ ಕಥೆಯನ್ನು ಕನ್ನಡಿಯ ಮುಂದೆ ಶುರು ಮಾಡುವುದು ಸುಲಭ. ತೆಳ್ಳಗಾದ ಹೆಂಗಸು, ಕನ್ನಡಿ, ಕಣ್ಣಂಚಲ್ಲಿ ನೀರು. ಮೂರು ಸಾಲು ಬರೆಯುವಷ್ಟರಲ್ಲಿ ನನಗೇ ವಾಕರಿಕೆ ಬಂತು. ಎರಡನೆಯ ಕರಡು ಡಾಕ್ಟರ ಕೋಣೆಯಲ್ಲಿ ಶುರುವಾಗಿತ್ತು. ಅಲ್ಲಿ ಡಾಕ್ಟರು ಅರ್ಧ ಪುಟ ಮಾತಾಡಿದರು. ಯಾವ ಡಾಕ್ಟರೂ ಅಷ್ಟು ಹೊತ್ತು ಮಾತಾಡುವುದಿಲ್ಲ. ಅದೂ ಕಸದ ಬುಟ್ಟಿಗೆ ಹೋಯಿತು.

ಬಾಗಿಲಿನಿಂದಲೇ ಶುರು ಮಾಡೋಣ. ಉಡುಪು ಕಾರ್ಖಾನೆಯ ಸ್ಯಾಂಪಲ್ ಕೋಣೆ, ಅದಕ್ಕೆ ಇಬ್ಬರು ಒಟ್ಟಿಗೆ ನುಗ್ಗುವಷ್ಟು ಅಗಲದ ಬಾಗಿಲು. ಕಡ್ಡಿಯಂಥ ಹೆಂಗಸೊಬ್ಬಳು ಬಂದು ಅದರ ಮುಂದೆ ನಿಲ್ಲುತ್ತಾಳೆ. ಪಕ್ಕಕ್ಕೆ ತಿರುಗುತ್ತಾಳೆ. ಇಲ್ಲದ ಹೊಟ್ಟೆಯನ್ನು ಒಳಗೆಳೆದುಕೊಂಡು, ಅಡ್ಡಡ್ಡ ಒಳಗೆ ಹೋಗುತ್ತಾಳೆ.

(ಇದಕ್ಕೆ ನಗು ಬಂದರೆ ನಕ್ಕುಬಿಡಿ. ಆಮೇಲೆ ಅವಕಾಶ ಸಿಗಲಿಕ್ಕಿಲ್ಲ.)

2

ಅವಳನ್ನು ಎಲ್ಲರೂ ಅಳತೆಯಕ್ಕ ಎನ್ನುತ್ತಾರೆ. ಮೊದಲು ಅವಳು ದಪ್ಪಗಿದ್ದಳು; ದೊಡ್ಡ ಸೈಜಿನ ಉಡುಪುಗಳಿಗೆ ಅವಳ ಮೈಯೇ ಅಳತೆ. ಹೊಸ ಡಿಸೈನ್ ಬಂದರೆ ಮೊದಲು ಅವಳಿಗೆ ತೊಡಿಸುತ್ತಾರೆ. ಕಟಿಂಗ್ ಮಾಸ್ಟರ್ ತುಟಿಯಲ್ಲಿ ಪಿನ್ನು ಕಚ್ಚಿಕೊಂಡು ಅವಳ ಸುತ್ತ ತಿರುಗುತ್ತಾರೆ. ಗೊಂಬೆಗೂ ತೊಡಿಸಬಹುದು, ಆದರೆ ಗೊಂಬೆ ಬಾಯಿ ಬಿಡುವುದಿಲ್ಲ. ಅಕ್ಕ ಬಿಡುತ್ತಾಳೆ. “ಕಂಕುಳು ಬಿಗಿ.” “ಕೂತ್ರೆ ಸೊಂಟ ಹಿಡಿಯುತ್ತೆ.” ಟೇಪು ಒಂದು ಹೇಳಿ ಅಕ್ಕ ಇನ್ನೊಂದು ಹೇಳಿದರೆ ಅಕ್ಕ ಹೇಳಿದ್ದೇ ನಿಜ. ಆ ಕೋಣೆಯ ಪದ್ಧತಿ ಅದು.

ಲಿವರ್‌ನಲ್ಲಿ ಕೊಬ್ಬು ತುಂಬಿದೆ, ತೂಕ ಇಳಿಸದಿದ್ದರೆ ಲಿವರ್ ಕೈಕೊಡುತ್ತದೆ ಎಂದರು ಡಾಕ್ಟರು. ಇಳಿಸಿದಳು.

“ಇಳಿಸಿದಳು ಅಂತೆ!” ಅಕ್ಕ ಕಥೆಯೊಳಗಿಂದಲೇ ರೇಗಿದಳು. “ಒಂದೇ ಮಾತಲ್ಲಿ ಮುಗಿಸಿಬಿಟ್ಯಲ್ಲ ತಮ್ಮಾ. ಹಸಿವು ಎಲ್ಲಿ ಹೋಯ್ತು? ಬರಿ ಅದನ್ನ.”

ಬರೆಯುತ್ತೇನೆ. ಮೈಯ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದು ರಕ್ತದ ಮೂಲಕ ಮಿದುಳಿಗೆ ಸುದ್ದಿ ಕಳಿಸುತ್ತಿರುತ್ತದೆ: ದಾಸ್ತಾನು ಇದೆ, ಗಾಬರಿ ಬೇಡ. ಕೊಬ್ಬು ಕರಗಿದಂತೆ ಆ ಸುದ್ದಿ ಕ್ಷೀಣವಾಗುತ್ತದೆ. ಆಗ ಮಿದುಳು ಮನೆಯೊಡತಿ ಸಾಯುತ್ತಿದ್ದಾಳೆ ಎಂದೇ ತಿಳಿದು ಬೊಬ್ಬೆ ಹಾಕುತ್ತದೆ. ಉಂಡೆದ್ದ ಮೇಲೂ ಹಸಿವು. ಬಸ್ಸಲ್ಲಿ ಪಕ್ಕದವನ ಚೀಲದಲ್ಲಿರುವ ಬ್ರೆಡ್ಡಿನ ವಾಸನೆ. ಹೋದದ್ದನ್ನು ವಾಪಸ್ ತಾ, ವಾಪಸ್ ತಾ.

“ಈಗ ಸರಿ,” ಎಂದಳು ಅಕ್ಕ. “ಆದ್ರೆ ಒಂದು ಬಿಟ್ಟೆ. ವಾಪಸ್ ತಾ ಅನ್ನೋದು ಸುಳ್ಳು. ಅದು ಹೋಗೇ ಇಲ್ಲ.”

2 (ಮತ್ತೆ, ಮೇಲಿನದು ಉಪನ್ಯಾಸದಂತಾಯಿತು)

ಆಫೀಸಿನವರಿಗೆ ಕಣ್ಣಿದೆ. ಅಳತೆ ಹೋದ ಅಳತೆಯಕ್ಕನಿಂದ ಏನು ಪ್ರಯೋಜನ, ಬೇರೆಯವರನ್ನು ನೋಡಿ ಎಂದರು. ಅಕ್ಕನ ದುಡಿಮೆಯಲ್ಲೇ ಮನೆ ನಡೆಯಬೇಕು. ಮನೆ ಎಂದರೆ ಅವಳು ಮತ್ತು ನರ್ಸಿಂಗ್ ಓದುವ ಮಗಳು. ಮತ್ತೆ ದಪ್ಪಗಾಗೋಣವೆಂದರೆ ಲಿವರ್ ಬಿಡುವುದಿಲ್ಲ.

“ಒಂದೇ ಒಂದು ಉಡುಪು ಹಾಕಿ ನೋಡಿ ಮಾಸ್ಟ್ರೇ,” ಎಂದಳು.

ತೊಡಿಸಿದರು. ಬಟ್ಟೆ ಜೋತು ಬಿತ್ತು.

“ಹ್ಯಾಂಗರಿಗೆ ಹಾಕ್ದಂಗಿದೆ ಅಕ್ಕಾ. ನಾನು ಇದ್ರಲ್ಲಿ ಏನಂತ ನೋಡ್ಲಿ?”

“ನೋಡ್ಬೇಡಿ, ಕೇಳಿ. ಎಡಗಂಕುಳು ಬಿಗಿ.”

ಮಾಸ್ಟರ್ ನಕ್ಕರು. ಆ ಬಿಗಿಯಲ್ಲಿ ನನ್ನ ಸ್ಕೂಟರ್ ನಿಲ್ಲಿಸ್ಬಹುದು ಎಂದರು. ಆದರೂ ಕೈಗೆ ಅಭ್ಯಾಸ ನೋಡಿ, ಅವಳ ಚರ್ಮದಿಂದ ಒಂದು ಅಂಗೈ ದೂರ ಜೋತಿದ್ದ ಬಟ್ಟೆಗೆ ಗುರುತಿಗೆಂದು ಪಿನ್ನು ಚುಚ್ಚಿದರು.

“ಅಯ್ಯಮ್ಮಾ!”

ಅಕ್ಕ ಹಾರಿಬಿದ್ದು ಆ ಖಾಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು.

(ಮೊದಲ ಕರಡಿನಲ್ಲಿ ಪಿನ್ನಿನ ತುದಿಗೆ ರಕ್ತ ಹಚ್ಚಿದ್ದೆ. ಅಗ್ಗದ ಕೆಲಸ, ತೆಗೆದೆ. ಪಿನ್ನು ಒಣಗಿತ್ತು. ಒಣಗಿದ ಪಿನ್ನನ್ನೇ ಮಾಸ್ಟರ್ ಬಹಳ ಹೊತ್ತು ನೋಡಿದರು.)

ಆಮೇಲೆ ಅವರು ನಗಲಿಲ್ಲ. ಅಕ್ಕ ಬಿಗಿ ಎಂದ ಕಡೆ ಬಿಟ್ಟರು, ಸಡಿಲ ಎಂದ ಕಡೆ ಹಿಡಿದರು, ಗಾಳಿಯ ಸುತ್ತ ಹುಷಾರಾಗಿ ಪಿನ್ನು ಚುಚ್ಚುತ್ತಾ. ಹೊಲಿದ ಉಡುಪನ್ನು ಆ ಸೈಜಿನ ಹೆಂಗಸರಿಗೆ ತೊಡಿಸಿದರೆ ಎಲ್ಲರಿಗೂ ಮೈಗೆ ಎರಕ ಹೊಯ್ದಂತೆ ಕೂತಿತು. ಅಕ್ಕನೇ ಇರಲಿ ಎಂದಿತು ಆಫೀಸು.

3

“ಇದೇನು ದೆವ್ವ ಅಲ್ಲ ಅಮ್ಮಾ,” ಎಂದಳು ಪಿನ್ನಿನ ಸಂಗತಿ ಕೇಳಿದ ಮಗಳು. “ಮಿದುಳಲ್ಲಿ ಮೈಯ ನಕ್ಷೆ ಇರುತ್ತೆ. ಮೈ ಬೇಗ ಕರಗಿದ್ರೂ ನಕ್ಷೆ ಹಳೇದೇ ಉಳ್ಕೊಳ್ಳುತ್ತೆ. ಟವೆಲ್ಲಲ್ಲಿ ದಿನಾ ಚರ್ಮ ಉಜ್ಜಿದ್ರೆ ಮೈ ಎಲ್ಲಿ ಮುಗೀತು ಅಂತ ಮಿದುಳಿಗೆ ನಿಧಾನಕ್ಕೆ ಗೊತ್ತಾಗುತ್ತೆ.”

“ಗೊತ್ತಾದ್ರೆ ನಿನ್ನ ಕಾಲೇಜು ಯಾರಪ್ಪ ನಡೆಸ್ತಾನೆ?”

“ನನ್ನಪ್ಪನಂತೂ ನಡೆಸಲ್ಲ.”

ಇಬ್ಬರೂ ನಕ್ಕರು. ನಗುತ್ತಲೇ ಅಕ್ಕ ತೋಳು ಚಾಚಿ ಮಗಳನ್ನು ಅಪ್ಪಿಕೊಂಡಳು. ಅಪ್ಪಿಕೊಂಡಳು ಎಂದು ಅವಳಿಗನಿಸಿತು. ಅವಳ ತೋಳುಗಳು ಮಗಳ ಹಿಂದೆ ಗಾಳಿಯಲ್ಲಿ ಬಳಸಿ ನಿಂತಿದ್ದವು, ಎಲ್ಲೂ ಮುಟ್ಟದೆ. ಮುಖದಲ್ಲಿ ಮಗುವನ್ನು ಎದೆಗವಚಿಕೊಂಡ ತಾಯಿಯ ನೆಮ್ಮದಿ. ಮಗಳು ಅವಳ ಎದುರು ಒಂದು ಹೆಜ್ಜೆ ದೂರದಲ್ಲಿ ಒಬ್ಬಳೇ ನಿಂತಿದ್ದಳು. ಮುಂದಕ್ಕೆ ಒಂದಿಷ್ಟು ಬಾಗಿದಳು.

“ಒತ್ಬೇಡ ಕಣೇ, ಉಸಿರು ಕಟ್ಟುತ್ತೆ.”

“ಅಮ್ಮಾ, ನಾನಿನ್ನೂ ಮುಟ್ಟೇ ಇಲ್ಲ.”

(ಇಲ್ಲಿ ಬರೆಯುವುದನ್ನು ನಿಲ್ಲಿಸಿ ಹೋಗಿ ಟೀ ಕುಡಿದು ಬಂದೆ. ಬಂದಾಗಲೂ ಅವರು ಹಾಗೇ ನಿಂತಿದ್ದರು.)

4

ಮುಕ್ತಾಯ ಬೇಕಲ್ಲ. ಎರಡು ಮಾಡಿಟ್ಟಿದ್ದೆ.

ಅ. ಮಗಳು ಉಜ್ಜುತ್ತಾಳೆ, ನಕ್ಷೆ ತಿದ್ದಿಕೊಳ್ಳುತ್ತದೆ, ಅಕ್ಕ ಮಗಳನ್ನು ನಿಜವಾಗಿ ಅಪ್ಪಿಕೊಳ್ಳುತ್ತಾಳೆ. ಕೆಲಸ ಹೋಗುತ್ತದೆ.

“ಆಮೇಲೆ ನೀನು ಅನ್ನ ಹಾಕ್ತೀಯಾ ತಮ್ಮಾ?” ಎಂದಳು ಅಕ್ಕ. “ಅಪ್ಪಿಕೊಂಡ್ರೆ ಹೊಟ್ಟೆ ತುಂಬುತ್ತೆ ಅಂತ ಯಾವ ಪುಸ್ತಕದಲ್ಲಿ ಓದ್ದೆ?”

ಆ. ಅಕ್ಕ ಹೀಗೇ ಇರುತ್ತಾಳೆ, ಕೆಲಸ ಉಳಿಯುತ್ತದೆ. ಮಗಳಿಗೆ ಅಭ್ಯಾಸವಾಗುತ್ತದೆ.

“ಅಭ್ಯಾಸ ಆಯ್ತು ಅಂತ ಬರೀಬೇಡಿ ಸಾರ್,” ಎಂದಳು ಮಗಳು.

“ಯಾಕೆ?”

“ಆಗಿಲ್ಲ.”

 ಪಾತ್ರಗಳು ಎದುರು ಮಾತಾಡಿದರೆ ಕಥೆಗಾರನಿಗೆ ಹೆಮ್ಮೆ ಎನ್ನುತ್ತಾರೆ. ನನಗೆ ಹೆಮ್ಮೆಯಾಗಲಿಲ್ಲ.

ಕೊನೆಗೆ ಇಬ್ಬರನ್ನೂ ಮನೆಯ ಕೋಣೆಯಲ್ಲಿ ಬಿಟ್ಟು, ಏನು ಮಾಡುತ್ತಾರೋ ನೋಡೋಣ ಎಂದುಕೊಂಡೆ. ಹಗಲು. ಕಿಟಕಿ ತೆರೆದಿದೆ. ಮಗಳು ಒರಟು ಟವೆಲ್ ತಂದಿದ್ದಾಳೆ.

“ಇವತ್ತೊಂದು ದಿನ ಉಜ್ತೀನಮ್ಮಾ. ಬೇಡ ಅನ್ಸಿದ್ರೆ ನಾಳೆಯಿಂದ ಬಿಡ್ತೀನಿ.”

ಅಕ್ಕ ಟವೆಲ್ಲಿನ ಅಂಚು ಮುಟ್ಟಿ ನೋಡಿದಳು. “ಹೂಂ. ಆದ್ರೆ ಅದಕ್ಕೆ ನೋವಾಗ್ದಂಗೆ ಉಜ್ಜು.”

“ಯಾವುದಕ್ಕೆ?”

ಅಕ್ಕ ಕಣ್ಣು ಮುಚ್ಚಿ ತೋಳು ಚಾಚಿದಳು. ಮಗಳು ಹತ್ತಿರ ಬಂದಳು. ಚರ್ಮ ಸಿಗುವ ಮೊದಲೇ, ನಡುವಿನ ಬರಿಗಾಳಿಯಲ್ಲಿ, ಅವಳ ಕೈ ನಿಂತುಬಿಟ್ಟಿತು. ಅಲ್ಲಿ ಬೆಚ್ಚಗಿತ್ತು. ಮೆತ್ತಗಿತ್ತು. ಚಿಕ್ಕವಳಿದ್ದಾಗ ಅವಳು ಮುಖ ಹುದುಗಿಸಿ ಮಲಗುತ್ತಿದ್ದ ಹೊಟ್ಟೆ.

ನಾನು ಇಂಥದ್ದನ್ನೆಲ್ಲ ಬರೆಯುವವನಲ್ಲ. ಆ ಸಾಲುಗಳನ್ನು ಹೊಡೆದುಹಾಕಿದೆ.

ಸಾಲು ಹೋದರೂ ಮಗಳು ಅಲ್ಲಿಂದ ಕೈ ತೆಗೆಯಲಿಲ್ಲ. ಟವೆಲ್ ಇನ್ನೊಂದು ಕೈಯಲ್ಲಿ ಹಾಗೇ ಇದೆ.